ಸಿಟ್ಟು ಬಿಡಲು ಕುಳಿತವನ ಪಾಡು

ನಮ್ಮ ಬನಹಟ್ಟಿಯಲ್ಲಿ ದೇವರ ಕಡೆಗೆ ಹೊರಟವನನ್ನೂ ನಾಲ್ಕು ಜನ ತಡೆದು, "ಎಲ್ಲಿಗಿ ಹೊಂಟ್ರಿ? ಚಾ ಕುಡದ ಹೋಗ್ರಿ" ಎನ್ನುತ್ತಾರೆ. ಹೀಗಾಗಿ ನಾನು ಅಧ್ಯಾತ್ಮಕ್ಕೆ ಇಳಿದ ದಿನದಿಂದ ಒಂದಲ್ಲ ಒಂದು ಫಜೀತಿ ನಡೆದೇ ಇದೆ.

ಇಳಿದದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಇಟ್ಟು ಸೀರೆ ನೇಯಿಸುವವನು ನಾನು. ಮಗ್ಗದ ಸದ್ದಿಗಿಂತ ನನ್ನ ದನಿ ಜೋರು ಎಂಬ ಹೆಸರಿದೆ. ಹೋದ ವರ್ಷ ಮಗಳನ್ನು ನೋಡಲು ಬಂದವರೊಬ್ಬರು, "ನಿಮ್ಮ ಸೀರಿ ಬಣ್ಣ ಬಿಡ್ತಾವಂತಲ್ರಿ?" ಎಂದು ಕೇಳಿಬಿಟ್ಟರು. ನಾನು ಕೊಟ್ಟ ಉತ್ತರಕ್ಕೆ ಅವರು ಚಪ್ಪಲಿ ಮರೆತು ಓಡಿದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

"ಮಗಳ ಲಗ್ನ ಆಗಬೇಕಂದ್ರ ಮೊದಲ ನಿಮ್ಮ ಸಿಟ್ಟ ಇಳೀಬೇಕು" ಎಂದು ಹೆಂಡತಿ ನನ್ನನ್ನು ಮಠದ ಅಜ್ಜಾರ ಮುಂದೆ ಕೂಡ್ರಿಸಿದಳು. "ದಿನಾ ಮುಂಜಾನೆ ಧ್ಯಾನ, ಸೋಮವಾರ ಮೌನ" ಎಂದು ಅವರು ಅಪ್ಪಣೆ ಕೊಟ್ಟರು. ಮಗಳೆಂದರೆ ನನಗೆ ಜೀವ. ಒಪ್ಪಿಕೊಂಡೆ.

ಕರೆಂಟಿನ ಧ್ಯಾನ

ನಸುಕಿನಲ್ಲಿ ಎದ್ದು ಕಣ್ಣು ಮುಚ್ಚಿದೆ. ಎಲ್ಲೆಲ್ಲೂ ಶಾಂತಿ. ಆ ಶಾಂತಿಯೇ ನನ್ನನ್ನು ಕೊಂದಿತು. ಮಗ್ಗದ ಸದ್ದಿಲ್ಲವೆಂದರೆ ಏನೋ ಕೆಟ್ಟಿದೆ ಎಂದೇ ನಮಗೆ ರೂಢಿ. ಎಳೆ ಹರಿದಿದೆಯೋ, ಕೆಲಸದವರು ಬಂದಿಲ್ಲವೋ ಎಂದು ಮನಸ್ಸು ಶೆಡ್ಡಿಗೇ ಓಡುತ್ತಿತ್ತು.

ನನ್ನ ಒದ್ದಾಟ ನೋಡಲಾರದೆ ಹೆಂಡತಿ ಹೋಗಿ ಮಗ್ಗಗಳನ್ನು ಚಾಲೂ ಮಾಡಿಸಿದಳು. ಖಟಕ್ ಖಟಕ್ ಎಂದು ಸದ್ದು ಎದ್ದದ್ದೇ ತಡ, ಮನಸ್ಸು ತಿಳಿಯಾಯಿತು. ಇಂಥ ಆನಂದ ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು.

"ಏನಾತಲೇ!" ಎಂದು ಚೀರುತ್ತಾ ಎದ್ದು ನಿಂತೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ನಿಮ್ಮ ಧ್ಯಾನಕ್ಕ ಮೊದಲ ಒಂದು ಜನರೇಟರ್ ತರ್ರಿ" ಎಂದಳು.

ಮೌನದ ವ್ಯಾಪಾರ

ಒಂದು ಸೋಮವಾರ ರಬಕವಿಯ ವ್ಯಾಪಾರಿ ಸೀರೆ ನೋಡಲು ಬಂದರು. ನನಗೆ ಮೌನ. ಅವರು ಎಂದಿನಂತೆ ಅರ್ಧ ದರ ಹೇಳಿ, ನನ್ನ ಬೈಗುಳಕ್ಕೆ ಕಾದು ಕುಳಿತರು. ನಾನು ಮುಗುಳ್ನಕ್ಕೆ.

"ಕಡಿಮಿ ಆತೇನ್ರಿ?" ಎಂದು ಸ್ವಲ್ಪ ಏರಿಸಿದರು. ನಾನು ಕಣ್ಣು ಮುಚ್ಚಿದೆ. ಅವರಿಗೆ ಬೆವರು ಬಂತು. "ಬ್ಯಾರೆಯವರಿಗೆ ಮಾತ ಕೊಟ್ಟೀರೇನ್ರಿ? ಹಂಗ ಮಾಡಬ್ಯಾಡ್ರಿ ಮಾರಾಯ್ರ" ಎಂದು ತಾವೇ ಏರಿಸುತ್ತಾ ಹೋಗಿ, ನಾನು ಕನಸಿನಲ್ಲೂ ಕೇಳದ ದರಕ್ಕೆ ಅಷ್ಟೂ ಸೀರೆ ಒಯ್ದರು.

ಹೆಂಡತಿಗೆ ಆವತ್ತೇ ಅಧ್ಯಾತ್ಮದ ಮೇಲೆ ನಂಬಿಕೆ ಬಂದದ್ದು. "ಇಷ್ಟ ದಿನಾ ಬಾಯಿ ತಗದ ಎಷ್ಟ ಲುಕ್ಸಾನ ಮಾಡಿದ್ರಿ ನೋಡ್ರಿ" ಎಂದಳು.

ಹೊಳೆದಂಡೆಯಲ್ಲಿ

ಮನೆಯ ಗದ್ದಲ ಬೇಡವೆಂದು ಒಂದು ರವಿವಾರ ಹಿಪ್ಪರಗಿ ಕಡೆ ಹೊಳೆದಂಡೆಗೆ ಹೋಗಿ ಗಿಡದ ಕೆಳಗೆ ಕುಳಿತೆ. ಕುರಿ ಕಾಯುವ ಹಿರಿಯನೊಬ್ಬ ಬಂದ.

"ಖಾಲಿ ಕುಂತೀರೇನ್ರಿ ಯಜಮಾನ್ರ?"

"ಧ್ಯಾನ ಮಾಡಾಕತ್ತೇನಿ."

"ಛಲೋ ಆತು. ಹೆಂಗೂ ಕುಂತ ಇರ್ತೀರಿ, ಈ ಕುರಿ ಕಡೆ ಒಂಚೂರು ಲಕ್ಷ್ಯ ಇಡ್ರಿ. ರೊಟ್ಟಿ ತಿಂದ ಬಂದಬಿಡ್ತೇನಿ." ನಾನು ಹೂಂ ಎನ್ನುವ ಮೊದಲೇ ಹೋಗಿಬಿಟ್ಟ.

ನನ್ನ ದುರ್ದೈವ, ಆವತ್ತೇ ಧ್ಯಾನ ಹತ್ತಬೇಕೆ! ಯಾರೋ ಚೀರಿದ್ದಕ್ಕೆ ಕಣ್ಣು ಬಿಟ್ಟರೆ ಕುರಿಗಳೆಲ್ಲ ಪಕ್ಕದ ಗೋವಿನಜೋಳದ ಹೊಲದಲ್ಲಿವೆ. ಹೊಲದವನು ಬಡಿಗೆ ಹಿಡಿದು ನಿಂತಿದ್ದಾನೆ. "ಯಾರವ್ರೀ ಇವು ಕುರಿ?"

ಸಿಟ್ಟು ನೆತ್ತಿಗೇರಿತು. ಉಸಿರು ಎಳೆದು, ಅಜ್ಜಾರು ಕಲಿಸಿದ್ದನ್ನು ಹೇಳಿದೆ: "ಈ ಲೋಕದಾಗ ಯಾವುದೂ ಯಾರದೂ ಅಲ್ಲಪಾ."

"ಹೊಲ ನಂದೈತಿ! ಮೊದಲ ಕುರಿ ಹೊಡೀರಿ!"

ಧೋತರ ಎತ್ತಿ ಕಟ್ಟಿ ಕುರಿಗಳ ಹಿಂದೆ ಓಡಿದೆ. ಒಂದನ್ನು ಹೊರಗೆ ಹಾಕಿದರೆ ಎರಡು ಒಳಗೆ. ಕೊನೆಗೆ ಕುರಿಯವನು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತಾ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಧ್ಯಾನ ಅಂದ್ರಿ, ಹೊಲದ ತುಂಬ ಓಡ್ಯಾಡಾಕತ್ತೀರಿ! ಒಂದ ಕಡೆ ಕುಂಡ್ರಾಕ ಆಗೂದಿಲ್ಲೇನ್ರಿ ನಿಮಗ?"

ಮುಧೋಳದ ಬೀಗರು

ಈ ಶ್ರಾವಣದಲ್ಲಿ ಮುಧೋಳದಿಂದ ಮಗಳನ್ನು ನೋಡಲು ಬಂದರು. ಗೊಬ್ಬರದ ಅಂಗಡಿಯವರು, ತಂದೆ ಮತ್ತು ಮಗ. ಹುಡುಗ ಲಕ್ಷಣವಾಗಿದ್ದ, ಆದರೆ ನೆಲ ಬಿಟ್ಟು ಕಣ್ಣು ಎತ್ತಲಿಲ್ಲ. "ಏನ ಅಂದ್ರೂ ನಗಬೇಕು" ಎಂದು ಹೆಂಡತಿ ಮೊದಲೇ ಹೇಳಿಟ್ಟಿದ್ದಳು. ಈ ಸಂಬಂಧವೂ ತಪ್ಪಿದರೆ ಮಗಳಿಗೆ ಏನು ಮುಖ ತೋರಿಸಲಿ ಎಂಬ ಚಿಂತೆ ನನಗೂ ಇತ್ತು.

ಹುಡುಗನ ತಂದೆ ಅವಲಕ್ಕಿ ಬಾಯಿಗಿಟ್ಟು, "ಉಪ್ಪ ಜಾಸ್ತಿ" ಎಂದರು. ನಕ್ಕೆ. ಶೆಡ್ಡಿಗೆ ಇಣುಕಿ, "ಮಗ್ಗ ಹಳೇವು, ಗುಜರಿಗಿ ಹಾಕ್ರಿ" ಎಂದರು. ಆದರೂ "ಶಿವನಿಚ್ಛಾ" ಎಂದು ಕೈ ಮುಗಿದೆ.

ಅವರು ಧಡಕ್ಕನೆ ಎದ್ದರು. "ಏಳೋ ತಮ್ಮಾ, ಹೋಗೂಣು. ಈ ಸಂಬಂಧ ನಮಗ ಆಗಿ ಬರೂದಿಲ್ಲ."

"ಯಾಕ್ರೀ? ನಾ ಏನೂ ಅನ್ನಲೇ ಇಲ್ಲಲ್ರಿ!"

"ಅದಕ್ಕ! ಬನಹಟ್ಯಾಗ ಒಬ್ಬ ಹುಲಿಯಂಥಾ ಮನಷ್ಯಾ ಅದಾನ, ಅಂಥಾ ಮಾವ ಸಿಕ್ಕರ ನಮ್ಮ ಹುಡುಗ ದಾರಿಗಿ ಬರ್ತಾನ ಅಂತ ಬಂದ್ವಿ. ಇವ ಗಲ್ಲಾದ ಮುಂದ ಧ್ಯಾನಕ್ಕ ಕುಂಡ್ರತಾನ್ರಿ! ಗಿರಾಕಿ ಯೂರಿಯಾ ಕೇಳಿದ್ರ ಕಣ್ಣ ತೆರಿಯಂಗಿಲ್ಲ. ಕಣ್ಣ ಮುಚ್ಚೋರು ನಮ್ಮ ಮನ್ಯಾಗ ಒಬ್ರು ಸಾಕು, ಬೀಗರೂ ಅಂಥವರ ಆದ್ರ ಅಂಗಡಿ ತೆರೆಯೋರು ಯಾರು?"

ಹೆಂಡತಿ ಬಾಗಿಲ ಸಂದಿಯಿಂದ "ಬೈರಿ, ಬೈರಿ" ಎಂದು ಕೈ ಮಾಡತೊಡಗಿದಳು. ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬೇಕಾಗಿತ್ತು, ಬರಲಿಲ್ಲ. ಹುಬ್ಬು ಗಂಟಿಕ್ಕಿ, ಮುಷ್ಟಿ ಬಿಗಿದು, ಬಾಯಿ ತೆರೆದೆ. "ಓಂ" ಎಂದು ಬಂತು.

ಅಷ್ಟರಲ್ಲಿ ಚಹಾ ಹಿಡಿದು ನಿಂತಿದ್ದ ಮಗಳು ಗುಡುಗಿದಳು. "ಆವಾಗಿಂದ ಟ್ರೇ ಹಿಡದ ನಿಂತೇನಿ, ಚಾ ಆರಾಕತ್ತೈತಿ! ಕುಡಿಯೋರಿದ್ರ ಕುಡೀರಿ, ಇಲ್ಲಾಂದ್ರ ಹಾದಿ ಬಿಡ್ರಿ!"

ಹುಡುಗ ಎರಡೂ ಕಣ್ಣು ಪೂರ್ತಿ ತೆರೆದ. ಕಪ್ಪು ಎತ್ತಿ ಒಂದೇ ಗುಟುಕಿಗೆ ಕುಡಿದ. ಗಾಬರಿಯಲ್ಲಿ ಅಪ್ಪನದನ್ನೂ ಕುಡಿದ.

ಹುಡುಗನ ತಂದೆ ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. "ಬೀಗರ, ಆತು! ಮುಹೂರ್ತ ನೋಡ್ರಿ!"

ಮಗಳನ್ನು ಕೇಳದೆ ಹೇಗೆ? "ನಿಂಗ ಒಪ್ಪಿಗಿ ಐತೇನವಾ?" ಎಂದೆ. ಅವಳು ಖಾಲಿ ಕಪ್ಪುಗಳನ್ನು ನೋಡಿ ನಾಚಿಕೊಂಡಳು.

"ಹೂಂನಪಾ. ಹೇಳಿದ್ದ ಕೇಳ್ತಾನ."