ಸೀಟು ಹೊಲಿಯುವವನು ಕುದುರೆಗೆ ಜೀನು ಹೊಲಿದದ್ದು

ನನಗೆ ಯಾವುದರ ಹೆದರಿಕೆಯೋ ಅದು ವಿಳಾಸ ಕೇಳಿಕೊಂಡು ನನ್ನ ಅಂಗಡಿಗೇ ಬರುತ್ತದೆ. ಇದು ಇವತ್ತು ನಿನ್ನೆಯದಲ್ಲ. ಕರೆಂಟಿಗೆ ಹೆದರಿ ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ ತಂದರೆ ಅದರ ಡ್ರಾವರಿನಲ್ಲಿ ಚೇಳು ಸಂಸಾರ ಹೂಡಿತ್ತು. ರಾಣೆಬೆನ್ನೂರಿನಲ್ಲಿ ಬೈಕು, ಆಟೋ, ಟೆಂಪೋಗಳ ಸೀಟು ಹೊಲಿಯುವುದು ನನ್ನ ಕಸುಬು. ನನ್ನ ಗಿರಾಕಿಗಳ ಗಾಡಿಗಳು ಒದೆಯುವುದಿಲ್ಲ, ಕಚ್ಚುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಇಷ್ಟು ವರ್ಷ ಅಂಗಡಿ ನಡೆಸಿದ್ದೆ. ಎಲ್ಲರ ಕೈಗೂ ಮೊಬೈಲು ಬರತೊಡಗಿದ್ದ ಕಾಲ ಅದು. ಆಗ ಆ ಧೈರ್ಯವೂ ಹೋಯಿತು.

೧. ಬಾಗಿಲಿಗೆ ಬಂದ ಗಿರಾಕಿ

ಒಂದು ಬೆಳಿಗ್ಗೆ ಹೊಲಿಯುತ್ತ ಕುಳಿತಿದ್ದೆ. ಇದ್ದಕ್ಕಿದ್ದಂತೆ ಅಂಗಡಿಯಲ್ಲಿ ಬೆಳಕು ಕಡಿಮೆಯಾಯಿತು. ತಲೆಯೆತ್ತಿದರೆ ಬಾಗಿಲು ತುಂಬ ಬಿಳಿ ಕುದುರೆ. ನನ್ನ ಅಂಗಡಿಗೆ ಇರುವುದು ಅದೊಂದೇ ಬಾಗಿಲು. ಮರುಗಳಿಗೆ ನಾನು ಫೋಮಿನ ಅಟ್ಟಿಯ ಮೇಲಿದ್ದೆ. ಹೇಗೆ ಹತ್ತಿದೆನೋ ಇವತ್ತಿಗೂ ಗೊತ್ತಿಲ್ಲ.

ಕುದುರೆಯ ಹಿಂದಿನಿಂದ ಒಂದು ದನಿ ಬಂತು. "ಹೆದರಬ್ಯಾಡ್ರಿ ಮಾಸ್ತರ. ಭಾಳ ಸಾಧು ಐತಿ ನಮ್ಮ ಬೇಟಿ."

ಬಂದವರು ಹಿಂದೆ ಸ್ಟೇಷನ್ ರಸ್ತೆಯಲ್ಲಿ ಟಾಂಗಾ ಹೊಡೆಯುತ್ತಿದ್ದ ಚಾಚಾ. ಆಟೋಗಳು ಬಂದ ಮೇಲೆ ಟಾಂಗಾ ಮೂಲೆ ಸೇರಿ, ಮಗಳಂತೆ ಬೇಟಿ ಎಂದೇ ಕರೆಯುವ ಈ ಹೆಣ್ಣು ಕುದುರೆಯನ್ನು ಮದುವೆ ಮೆರವಣಿಗೆಗೆ ಒಯ್ಯುತ್ತಿದ್ದರು.

"ಸಾಧು ಇದ್ರ ನನ್ನ ಹತ್ರ ಯಾಕ ತಂದೀರಿ?" ಎಂದೆ, ಅಟ್ಟಿಯ ಮೇಲಿನಿಂದಲೇ.

"ಬೆನ್ನು ಸೂಕ್ಷ್ಮ ಆಗೇತ್ರಿ ಅಕೀದು. ಹಳೇ ಜೀನದಾಗ ಮರದ ಚೌಕಟ್ಟು ಇರ್ತೈತಲ್ಲ, ಅದು ನಡುಬೆನ್ನಿಗೆ ಒತ್ತಿ ಒತ್ತಿ ಹುಣ್ಣಾಗಿತ್ತು. ಹುಣ್ಣು ಮಾಯಿತು, ಹೆದರಿಕಿ ಮಾಯಲಿಲ್ಲ. ಯಾರರೆ ಕುಂತ್ರ ಬೆನ್ನು ಕೆಳಗ ಮಾಡಿ ಜಾಡಸ್ತಾಳ. ಹಾವೇರ್ಯಾಗ ಒಬ್ಬ ಮದುಮಗನ್ನ ಕೆಡವ್ಯಾಳ. ಮರ ಇಲ್ಲದ ಜೀನ ಹಾಕು ಅಂತ ದನದ ಡಾಕ್ಟರು ಹೇಳ್ಯಾರ. ಅಂಥಾದ್ದು ಯಾರೂ ಮಾಡೂದಿಲ್ಲ. ನೀವು ಮೆತ್ತನ್ನ ಸೀಟ್ ಹೊಲಿತೀರಲ್ಲ, ಅದಕ್ಕ ಬಂದೆ."

ಚಾಚಾ ಇನ್ನೊಂದು ಮಾತು ಹೇಳಿದರು. "ಇನ್ನೊಬ್ಬ ಮದುಮಗಾ ಬಿದ್ರ ನಮ್ಮನ್ನ ಯಾರೂ ಕರಿಯೂದಿಲ್ಲ. ಇಟ್ಟಂಗಿ ಭಟ್ಟಿಯವರು ಈಗಾಗಲೇ ಕೇಳಾಕತ್ತಾರ, ಗಾಡಿ ಎಳಿಯಾಕ ಕೊಡು ಅಂತ."

ಇಟ್ಟಿಗೆ ಎಳೆದು ಹುಣ್ಣಾದ ಭಟ್ಟಿಯ ಕುದುರೆಗಳ ಬೆನ್ನು ನಾನು ನೋಡಿದ್ದೆ. ಆಗಲಿ ಎಂದುಬಿಟ್ಟೆ. ಎಂದ ಮೇಲೆ ಕೆಳಗೆ ನೋಡಿದರೆ, ನಾವು ಮಾತಾಡುವಷ್ಟರಲ್ಲಿ ಸಾಧು ಬೇಟಿ ಒಳಗೆ ಕತ್ತು ಚಾಚಿ, ಮಧ್ಯಾಹ್ನ ಕೊಡಬೇಕಾಗಿದ್ದ ಬೈಕಿನ ಸೀಟಿನ ಒಂದು ತುದಿಯನ್ನು ಅಗಿದಿದ್ದಳು.

ಬೈಕಿನವರು ಬಂದಾಗ ಕುದುರೆ ತಿಂದಿತು ಎಂದು ಇದ್ದದ್ದು ಇದ್ದಂತೆ ಹೇಳಿದೆ. ಅವರು ಸೀಟಿನ ಅಗಿದ ತುದಿಯನ್ನು ತಿರುಗಿಸಿ ನೋಡಿ, "ಇಲಿ ಅಂದಿದ್ರ ನಂಬ್ತಿದ್ದೆ" ಎಂದರು.

೨. ಅಳತೆ

ಬೆನ್ನಿನ ಆಕಾರ ತಿಳಿಯಬೇಕಾದರೆ ದಪ್ಪ ತಂತಿಯನ್ನು ಅದರ ಮೇಲೆ ಅಡ್ಡಲಾಗಿ ಒತ್ತಿ ಬಗ್ಗಿಸಿಕೊಳ್ಳಬೇಕೆಂದು ದನದ ಡಾಕ್ಟರು ಹೇಳಿಕೊಟ್ಟಿದ್ದರು. ಚಾಚಾನ ಹಿತ್ತಿಲಿಗೆ ಹೋದೆ. ಹಿತ್ತಿಲಿಗೆ ಎದೆಮಟ್ಟದ ಗೋಡೆಯಿತ್ತು. ಕುದುರೆ ಗೋಡೆಯ ಆಚೆ ಇತ್ತು, ನಾನು ಈಚೆ ನಿಂತೆ.

"ಒಳಗ ಬರ್ರಿ ಮಾಸ್ತರ."

"ಇಲ್ಲಿಂದ ಎಲ್ಲಾ ಚಲೋ ಕಾಣಸ್ತೈತಿ ಚಾಚಾ. ನೀವ ಬಗ್ಗಸ್ರಿ."

ಚಾಚಾ ಅವಳಿಗೆ ಉರ್ದುವಿನಲ್ಲಿ ಏನೇನೋ ಮುದ್ದು ಮಾತು ಹೇಳುತ್ತ, ತಂತಿ ಬಗ್ಗಿಸಿ ಗೋಡೆಯ ಮೇಲಿನಿಂದ ಕೊಟ್ಟರು. ನಾನು ಅದನ್ನು ದೇವರ ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದು ಮನೆಗೆ ತಂದು ಗೂಟಕ್ಕೆ ತೂಗು ಹಾಕಿದೆ. ಮರುದಿನ ಬೆಳಿಗ್ಗೆ ಕಾಗದದ ಮೇಲಿಟ್ಟು ಗುರುತು ಹಾಕಿದರೆ ಬೆನ್ನು ಬಹಳ ಸಪೂರ ಕಂಡಿತು. ಕುದುರೆ ಒಂದೇ ರಾತ್ರಿಗೆ ಸೊರಗಿತೇ ಎಂದು ಗಾಬರಿಯಾದೆ.

"ಅದಾ? ತಂತಿ ಚಲೋ ಇತ್ತು ಅಂತ ನಿಮ್ಮ ಒದ್ದಿ ಅಂಗಿ ಹಾಕಿದ್ನಿ" ಎಂದಳು ಹೆಂಡತಿ. "ಭುಜಕ್ಕ ಸರಿಯಾಗಿ ಕುಂದ್ರಲಿ ಅಂತ ಸ್ವಲ್ಪ ಒತ್ತೇನಿ."

ಆ ಅಳತೆಗೆ ಜೀನು ಹೊಲಿದಿದ್ದರೆ ನಾನೇ ಹಾಕಿಕೊಳ್ಳಬೇಕಾಗುತ್ತಿತ್ತು.

೩. ಮೊದಲು ಕೂರುವವನು

ಎರಡನೇ ಸಲ ಅಳತೆ ತಂದು ಜೀನು ಹೊಲಿದೆ. ಒಳಗೆ ಮರವಿಲ್ಲ, ಕಬ್ಬಿಣವಿಲ್ಲ. ಬೆನ್ನೆಲುಬಿನ ಎರಡೂ ಬದಿಗೆ ಒಂದೊಂದು ಉದ್ದನೆಯ ದಿಂಬು, ನಡುವೆ ನಾಲ್ಕು ಬೆರಳು ಅಗಲದ ಖಾಲಿ ಜಾಗ. ಭಾರವೆಲ್ಲ ಪಕ್ಕೆಗಳ ಮೇಲೆ ಬೀಳಬೇಕು, ನೋವಿದ್ದ ನಡುಬೆನ್ನಿಗೆ ಗಾಳಿಯ ಹೊರತು ಏನೂ ತಾಗಬಾರದು. ಇದು ನನ್ನದೇ ಯೋಚನೆ. ಮೂಲವ್ಯಾಧಿಯ ಒಬ್ಬ ಟೆಂಪೋ ಡ್ರೈವರನಿಗೆ ಇಂಥದೇ ಸೀಟು ಹೊಲಿದುಕೊಟ್ಟು ಪುಣ್ಯ ಕಟ್ಟಿಕೊಂಡಿದ್ದೆ.

ಊರ ಹೊರಗಿನ ಬಯಲಿನಲ್ಲಿ ಜೀನು ಹಾಕಿ ಹೊಟ್ಟೆಯ ಕೆಳಗಿನ ಪಟ್ಟಿ ಬಿಗಿದ ಚಾಚಾ, "ಹತ್ರಿ" ಎಂದರು.

"ಯಾರು?"

"ನೀವ ಮತ್ತ! ನಮ್ಮಪ್ಪನ ಕಾಲದಿಂದ ಪದ್ಧತಿ ಐತ್ರಿ. ಜೀನ ಹೊಲದಾಂವ ಮೊದಲ ಕುಂದರಬೇಕು. ಹಂಗ ಮಾಡಿದ್ರನ ಹೊಲಿಗಿ ಬಿಗಿ ಬೀಳ್ತೈತಿ."

ಈ ಪದ್ಧತಿಯನ್ನು ಮೊದಲೇ ಹೇಳಿದ್ದರೆ ನಾನು ಫೋಮಿನ ಅಟ್ಟಿಯಿಂದ ಇಳಿಯುತ್ತಲೇ ಇರಲಿಲ್ಲ. ಕಲ್ಲಿನ ಮೇಲೆ ನಿಲ್ಲಿಸಿ, ಹಿಂದಿನಿಂದ ನೂಕಿ ಹತ್ತಿಸಿದರು. ಕುಳಿತೊಡನೆ ಜೂಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಹೆಂಡತಿ ಮಕ್ಕಳು ನೆನಪಾದರು. ಮನೆದೇವರಿಗೆ ಹರಕೆ ಹೊತ್ತೆ. ಸಾಲದೆಂದು ದೇವರಗುಡ್ಡದ ದೇವರಿಗೂ ಒಂದು ಹೊತ್ತೆ. ಕೆಳಗೆ ಕುದುರೆ ಗಡಗಡ ಅದುರುತ್ತಿತ್ತು. ಒಡ್ಡು ದಾಟಿ ಎಲ್ಲಿಗೋ ಓಡುತ್ತಿದ್ದೇವೆ ಅನ್ನಿಸಿತು.

"ಚಾಚಾ, ನಿಂದ್ರಸ್ರಿ! ಎಷ್ಟ ದೂರ ಬಂದ್ವಿ?"

"ಇನ್ನಾ ಕಲ್ಲಿನ ಹತ್ರನ ಅದೇವ್ರಿ. ಬಿಟ್ಟೇ ಇಲ್ಲ."

"ಮತ್ತ ಇಕಿ ಯಾಕ ನಡಗಾಕತ್ತಾಳ?"

"ಅಕಿ ಸುಮ್ಮನ ನಿಂತಾಳ್ರಿ. ನಿಮ್ಮ ನಡುಕಕ್ಕ ಅಕೀ ಕಿವಿನೂ ಅಳ್ಳಾಡಾಕತ್ತಾವು."

೪. ಬ್ಯಾಡಗಿಯ ಮದುಮಗ

ಆ ದಿನ ಒಂದು ಕೊರತೆ ಗೊತ್ತಾಯಿತು. ಭಾರಕ್ಕೆ ಫೋಮು ಕುಗ್ಗಿ, ನಾಲ್ಕು ಬೆರಳಿನ ಖಾಲಿ ಜಾಗ ಎರಡು ಬೆರಳಿಗೆ ಇಳಿದಿತ್ತು. ದಿಂಬಿಗೆ ಗಟ್ಟಿಯಾದದ್ದೇನಾದರೂ ತುಂಬಬೇಕು. ನಮ್ಮ ಕಡೆ ಗಟ್ಟಿಯಾದದ್ದು, ಆದರೂ ಮಣಿಯುವಂಥದ್ದು ಎಂದರೆ ಹಳೇ ಗೋಣಿಚೀಲ. ಬ್ಯಾಡಗಿ ಮಾರ್ಕೆಟ್ಟಿನಿಂದ ಬಂದ ಚೀಲಗಳು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಕಾಲೊರೆಸಲು, ಎಮ್ಮೆಗೆ ಹೊದಿಸಲು, ಎಲ್ಲಕ್ಕೂ ಅವೇ. ಹಿತ್ತಿಲಲ್ಲಿದ್ದ ಆರು ಚೀಲ ತೆಗೆದು, ಕೋಲಿನಿಂದ ಬಡಿದು, ಒಂದು ತಾಸು ಸೀನಿ, ದೂಳೆಲ್ಲ ಹೋಯಿತೆಂದುಕೊಂಡು ಪದರ ಪದರವಾಗಿ ಮಡಚಿ ದಿಂಬುಗಳಿಗೂ ಎರಡೂ ಬದಿ ಇಳಿಬಿಡುವ ಸೆರಗಿಗೂ ತುಂಬಿ ಹೊಲಿದೆ. ಮೇಲೆ ನನ್ನ ತಂದೆಯ ಹಳೇ ಧೋತರದ ಮೆತ್ತನೆ ಬಟ್ಟೆ ಹಾಕಿದೆ.

ಹೊಸ ಜೀನಿಗೆ ಸಿಕ್ಕ ಮೊದಲ ಮದುವೆ ಬ್ಯಾಡಗಿಯದೇ, ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಮನೆಯದು. ಮದುಮಗನನ್ನು ಬೆಳಿಗ್ಗೆ ಕುದುರೆಯ ಮೇಲೆ ಹನುಮಂತದೇವರ ಗುಡಿಗೆ ಕರೆದೊಯ್ದು ತರುವುದು ಅವರ ಪದ್ಧತಿ. ಹೊಲಿಗೆ ಬಿಚ್ಚಿದರೆ ಕೈಗೆ ಬೇಕೆಂದು ಚಾಚಾ ನನ್ನನ್ನೂ ಎಳೆದೊಯ್ದರು. ಸೂಜಿ ದಾರ ಹಿಡಿದು ಕುದುರೆಯ ಪಕ್ಕದಲ್ಲೇ ನಡೆದೆ. ನನ್ನ ಒಂದು ಕಣ್ಣು ಜೀನಿನ ಮೇಲೆ, ಇನ್ನೊಂದು ಅವಳ ಹಿಂಗಾಲಿನ ಮೇಲೆ. ಮದುಮಗ ಗಟ್ಟಿಮುಟ್ಟಾದ ಆಳು, ಮೇಲಿಂದ ಕೆಳಗೆ ಅಚ್ಚ ಬಿಳಿ ಬಟ್ಟೆ. ಅವನು ಕೂರುವಾಗ ಚಾಚಾನ ತುಟಿ ಅಲುಗುತ್ತಿತ್ತು. ನನ್ನ ತುಟಿಯೂ.

ಅವಳು ಬೆನ್ನು ಇಳಿಸಲಿಲ್ಲ. ಬಾಜಾ ಬಾರಿಸಿದರು, ಪಟಾಕಿ ಹಚ್ಚಿದರು, ಮಂದಿ ಕುಣಿದರು. ಅವಳು ತಲೆಯಾಡಿಸುತ್ತ ನಡೆದಳು. ಗುಡಿ ಮುಟ್ಟಿ ತಿರುಗುವಷ್ಟರಲ್ಲಿ ಬಿಸಿಲೇರಿತು, ಕುದುರೆ ಬೆವರಿತು. ಮಂಟಪದ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಮದುಮಗನ ತಾಯಿ ಒಮ್ಮೆಲೇ ಚೀರಿದರು.

"ಅಯ್ಯಯ್ಯೋ! ರಕ್ತ!"

ನೋಡಿದೆ. ಬಿಳಿ ಕುದುರೆಯ ಎರಡೂ ಪಕ್ಕೆಯಿಂದ ಕೆಂಪು ಹರಿಯುತ್ತಿತ್ತು. ಮದುಮಗನ ಬಿಳಿ ಪೈಜಾಮ ತೊಡೆಯಿಂದ ಮೊಣಕಾಲಿನ ತನಕ ಕೆಂಪಾಗಿತ್ತು. ಮದುಮಗನೂ ಕಾಲು ನೋಡಿಕೊಂಡ. "ಅವ್ವಾ" ಎಂದ. ಕಣ್ಣು ಮೇಲೆ ಮಾಡಿ ನನ್ನ ಕಡೆಗೇ ವಾಲಿದ.

ಅವನು ನನ್ನ ಮೇಲೆ ಬಿದ್ದ. ನಾನು ನೆಲದ ಮೇಲೆ ಬಿದ್ದೆ. ನನ್ನ ತಲೆ ಕುದುರೆಯ ಹೊಟ್ಟೆಯ ಕೆಳಗೆ, ನಾಲ್ಕು ಕಾಲುಗಳ ನಡುವೆ ಇತ್ತು. ಈಗ ಒದೆಯುತ್ತಾಳೆ, ಈಗ ಒದೆಯುತ್ತಾಳೆ ಎಂದು ಉಸಿರು ಬಿಗಿಹಿಡಿದೆ. ಅವಳು ಒಂದು ಗೊರಸನ್ನೂ ಎತ್ತಲಿಲ್ಲ. ಒಮ್ಮೆ ಬಗ್ಗಿ ನನ್ನ ಮುಖ ಮೂಸಿ ಸುಮ್ಮನೆ ನಿಂತಳು.

ಯಾರೋ ಡಾಕ್ಟರನ್ನು ಕರೆಯಲು ಓಡಿದರು, ಯಾರೋ ಉಳ್ಳಾಗಡ್ಡಿ ತರಲು ಓಡಿದರು. ಗದ್ದಲದ ನಡುವೆ ಮದುಮಗನ ಅಜ್ಜ ಕೋಲೂರಿಕೊಂಡು ಬಂದರು. ಮೆಣಸಿನಕಾಯಿ ವ್ಯಾಪಾರದಲ್ಲೇ ಹಣ್ಣಾದವರು. ಕುದುರೆಯ ಪಕ್ಕೆಗೆ ಬೆರಳು ಒರೆಸಿ ಬಿಸಿಲಿಗೆ ಹಿಡಿದರು, ಮೂಸಿದರು, ನಾಲಿಗೆಗೆ ಹಚ್ಚಿಕೊಂಡರು.

"ರಕ್ತ ಎಲ್ಲೈತಿ ಇದರಾಗ? ನಮ್ಮ ಡಬ್ಬಿ ಮೆಣಸಿನಕಾಯಿ. ಖಾರ ಇಲ್ಲ, ಬಣ್ಣ ನೋಡ್ರಿ, ಹೆಂಗ ಹಿಡದೈತಿ!"

ದಿಂಬಿಗೆ ತುಂಬಿದ ಮೆಣಸಿನಕಾಯಿ ಚೀಲದ ಕಥೆಯನ್ನು ಕೆಳಗೆ ಮಲಗಿದ್ದಲ್ಲಿಂದಲೇ ಒಪ್ಪಿಕೊಂಡೆ. ಚಾಚಾ ಜೀನು ಬಿಚ್ಚಿದರು. ಎರಡೂ ಬದಿ ಕೆಂಪು. ನಡುಬೆನ್ನು ಮಾತ್ರ ಬೆಳ್ಳಗೆ, ಒಣಗಿ, ಬಾವಿಲ್ಲದೆ ಇತ್ತು. ಚಾಚಾ ಅದರುದ್ದಕ್ಕೂ ಬೆರಳಿಂದ ಒತ್ತುತ್ತ ಹೋದರು. ಅವಳು ಅಲುಗಲಿಲ್ಲ. ಚಾಚಾನ ಕಣ್ಣಲ್ಲಿ ನೀರು ಬಂತು. ಬಂದ ನೀರಿನಲ್ಲೇ ಮದುಮಗ ಬಿದ್ದದ್ದು ನೆನಪಾಗಿ ಮುಖ ಇಳಿಯಿತು. ಇಡೀ ಬ್ಯಾಡಗಿ ನೋಡಿತ್ತು. ಅವರು ಅಜ್ಜನಿಗೆ ಕೈಮುಗಿದರು.

"ತಪ್ಪಾತ್ರಿ ಯಜಮಾನ್ರ. ಇಕೀ ಮ್ಯಾಲಿಂದ ಇನ್ನೊಬ್ಬ ಮದುಮಗಾ ಬಿದ್ದ. ಇನ್ನ ಮುಂದ ಇಕೀನ್ನ ಯಾವ ಮದುವಿಗೂ ತರೂದಿಲ್ಲ."

ಅಜ್ಜ ಅಲುಗದೆ ನಿಂತ ಕುದುರೆಯನ್ನು ನೋಡಿದರು. ಮೂಗಿಗೆ ಉಳ್ಳಾಗಡ್ಡಿ ಹಿಡಿಸಿಕೊಂಡು ಇನ್ನೂ ನನ್ನ ಹೊಟ್ಟೆಯ ಮೇಲೆಯೇ ಮಲಗಿದ್ದ ಮೊಮ್ಮಗನನ್ನು ನೋಡಿದರು.

"ಯಾಕ ತರೂದಿಲ್ಲ? ಮುಂದಿನ ತಿಂಗಳ ಇನ್ನೊಬ್ಬ ಮೊಮ್ಮಗನ ಮದುವಿ ಐತಿ. ಕುದುರಿ ಇದ ಬೇಕು. ಬದಲಸೂದಿದ್ರ ಮದುಮಗನ್ನ ಬದಲಸ್ತೇವಿ."