ದನಿ ನೋಡಿ ಫೋಟೋ ಜೋಡಿಸಿದ ಅತ್ತೆ

ನಮ್ಮ ಸೋದರತ್ತೆಗೆ ಮನುಷ್ಯರ ಮುಖ ತಿಳಿಯುವುದಿಲ್ಲ. ಕಣ್ಣಿಗೇನೂ ಆಗಿಲ್ಲ, ಅಕ್ಕಿಯೊಳಗಿನ ಹರಳನ್ನು ಇವತ್ತಿಗೂ ಕನ್ನಡಕವಿಲ್ಲದೆ ಹೆಕ್ಕುತ್ತಾಳೆ. ಆದರೆ ಜಮಖಂಡಿ ಬಜಾರದಲ್ಲಿ ನಾನು ಎದುರಿಗೇ ಬಂದು ಹಲ್ಲು ಕಿಸಿದರೂ ಯಾರೋ ಎಂದುಕೊಂಡು ಮುಂದೆ ಹೋಗಿಬಿಡುತ್ತಾಳೆ. ಬೆನ್ನ ಹಿಂದಿನಿಂದ ಒಮ್ಮೆ ಕೆಮ್ಮಿದರೆ ಸಾಕು, ತಿರುಗಿ ನೋಡದೆಯೇ, "ಮುಧೋಳದಿಂದ ಯಾವಾಗ ಬಂದ್ಯೋ?" ಅನ್ನುತ್ತಾಳೆ. ಇಂಥವಳು ನಿವೃತ್ತಳಾದ ಮೇಲೆ ಹಚ್ಚಿಕೊಂಡ ಹುಚ್ಚು ಯಾವುದು ಅಂತೀರಿ? ಕಂಪ್ಯೂಟರಿನಲ್ಲಿ ಫೋಟೋ ಜೋಡಿಸುವುದು!

ಅವಳಾದರೂ ಏನು ಮಾಡಿಯಾಳು? ಪ್ರಾಯವೆಲ್ಲ ಜಮಖಂಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕಳೆಯಿತು. ಕಿವಿಗೆ ಹೆಡ್‌ಫೋನು, ಮುಂದೆ ಒಂದು ಬೋರ್ಡು, ಬೋರ್ಡಿನಾಚೆ ಗೋಡೆ. ಸುತ್ತಲಿನ ಊರುಗಳ ಮಂದಿಯೆಲ್ಲ ಅವಳ ಪಾಲಿಗೆ ದನಿಗಳೇ. ಸಾವಕಾರರು, ವಕೀಲರು, ಮಹಾಲಿಂಗಪುರದ ಬೆಲ್ಲದ ದಲಾಲರು ಯಾರೇ ಆಗಲಿ, "ಹಲೋ" ಅನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಗುರುತು ಸಿಗುತ್ತಿತ್ತು. ಮದುವೆಯ ಮಾತು ಕೆಲವು ಸಲ ಬಂದು ಹೋಯಿತು. ಊರೆಲ್ಲದರ ಲೈನು ಕೂಡಿಸಿದವಳಿಗೆ ಅದೊಂದು ಲೈನು ಮಾತ್ರ ಕೂಡಲಿಲ್ಲ. ಆಮೇಲೆ ಜನ ತಾವೇ ನಂಬರು ತಿರುಗಿಸುವ ಕಾಲ ಬಂತು. ಅತ್ತೆಯನ್ನು ಬಿಲ್ಲಿನ ಕಿಟಕಿಗೆ ಕೂರಿಸಿದರು. ಅಲ್ಲಿ ಮುಖಗಳು ಬರತೊಡಗಿದವು. ಅವಳಿಗೆ ಕೆಲಸ ಬೇಸರವಾಯಿತು.

ಫೋಟೋಗಳು ಅವಳ ಹತ್ತಿರ ಬಂದದ್ದಕ್ಕೂ ಒಂದು ಕಾರಣವಿದೆ. ನಮ್ಮ ಮೂಲ ಮನೆ ಇದ್ದದ್ದು ಗಲಗಲಿಯ ಆಚೆ, ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ. ಆಲಮಟ್ಟಿಯ ಹಿನ್ನೀರು ಏರಿದಾಗ ಮನೆ ಬಿಡಬೇಕಾಯಿತು. ನಮ್ಮಪ್ಪ ಬಾಗಿಲು ಚೌಕಟ್ಟು ಕಿತ್ತುಕೊಂಡ, ದೊಡ್ಡಪ್ಪ ತೊಲೆಗಳನ್ನು ಒಯ್ದ, ಹಿತ್ತಾಳೆ ಹಂಡೆಗಾಗಿ ಇಬ್ಬರು ಕಾಕಿಯರು ಮಾತು ಬಿಟ್ಟರು. ಫೋಟೋ ತುಂಬಿದ ಟ್ರಂಕನ್ನು ಮಾತ್ರ ಯಾರೂ ಕೇಳಲಿಲ್ಲ. ಅತ್ತೆ ಅದನ್ನು ಜಮಖಂಡಿಯ ತನ್ನ ಎರಡು ಖೋಲಿಯ ಮನೆಗೆ ತಂದು ಮಂಚದ ಕೆಳಗೆ ತಳ್ಳಿದಳು. ನಿವೃತ್ತಳಾದ ಮೇಲೆ ಹೊರಗೆಳೆದಳು.

ಕಂಪ್ಯೂಟರು, ಸ್ಕ್ಯಾನರು ಕೊಂಡದ್ದಾಯಿತು. ಅಂಗಡಿಯವನು ಫೋಟೋ ಜೋಡಿಸುವ ಸಾಫ್ಟ್‌ವೇರನ್ನೂ ಹಾಕಿಕೊಟ್ಟು, ಎಲ್ಲಾ ತಾನೇ ಹುಡುಕಿ ತರುತ್ತದೆ ಎಂದು ಹೇಳಿ ಹೋದ. ಅದು ನಿಜವಾಗಿಯೂ ತಂದಿತು! ಕಂಪ್ಯೂಟರಿನೊಳಗೆ ಮೊದಲೇ ಇದ್ದ ಚಿತ್ರಗಳನ್ನೆಲ್ಲ ಸಾಲಾಗಿ ನಿಲ್ಲಿಸಿತು. ರವಿವಾರ ನಾನು ಹೋದಾಗ ಅತ್ತೆ ಒಂದು ಹಸಿರು ಗುಡ್ಡದ ಚಿತ್ರ ನೋಡುತ್ತ ಕೂತಿದ್ದಳು.

"ಇದು ಯಾರ ಹೊಲಾನೋ? ಕಬ್ಬಿಲ್ಲ, ಜ್ವಾಳಿಲ್ಲ, ಬರೇ ಹುಲ್ಲ ಬೆಳಸ್ಯಾರಲ್ಲ?"

ಅದು ನಮ್ಮವರದಲ್ಲ ಎಂದು ತಿಳಿಸಿ ಹೇಳಿದೆ. ಆದರೂ ಅಳಿಸಲು ಒಪ್ಪಲಿಲ್ಲ. ಮನೆಗೆ ತಾನಾಗಿ ಬಂದದ್ದು, ಇರಲಿ ಅಂದಳು. ಅವಳ ಮನೆಗೆ ತಾವಾಗಿ ಬರುವವರು ಅಷ್ಟು ಕಡಿಮೆ.

ಆ ಸಾಫ್ಟ್‌ವೇರಿಗೆ ಮುಖಗಳನ್ನು ಹೆಕ್ಕಿ ತೆಗೆದು "ಇವರು ಯಾರು?" ಎಂದು ಕೇಳುವ ಚಟವಿತ್ತು. ಒಂದು ಮುಖ ತೋರಿಸಿ ಕೇಳಿತು, ಅತ್ತೆಗೆ ಗೊತ್ತಾಗಲಿಲ್ಲ. ಇನ್ನೊಂದು; ಅದೂ ಗೊತ್ತಾಗಲಿಲ್ಲ. ಮೂರನೆಯದು ಪಡಸಾಲೆಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಲಕ್ಷ್ಮಿ. ಅತ್ತೆಗೆ ಸಿಟ್ಟೇ ಬಂತು. ಲಕ್ಷ್ಮಿಯ ಗುರುತು ಹಿಡಿಯಲಾರದ್ದು ನಮ್ಮ ಮಂದಿಯ ಗುರುತು ಏನು ಹಿಡಿದೀತು ಎಂದು ಆ ಪ್ರಶ್ನೆಗೆ ಉತ್ತರ ಕೊಡುವುದನ್ನೇ ಬಿಟ್ಟಳು.

ಆಮೇಲೆ ತನ್ನದೇ ಪದ್ಧತಿ ಹೂಡಿದಳು. ನಾನು ಪಕ್ಕದಲ್ಲಿ ಕೂತು, ಇದು ಬೀಳಗಿಯ ದೊಡ್ಡಪ್ಪ, ಇದು ಬನಹಟ್ಟಿಯ ಕಾಕಿ ಎಂದು ಹೆಸರು ಹೇಳಬೇಕು. ಅವಳು ಕಣ್ಣು ಮುಚ್ಚಿ ಆ ದನಿ ನೆನೆಯಬೇಕು. ಆಮೇಲೆ ಫೋಟೋ ತನ್ನ ಫೋಲ್ಡರಿಗೆ ಹೋಗಬೇಕು. "ಒದರುವವರು" ಎಂಬ ಫೋಲ್ಡರು ಬೇಗ ತುಂಬಿತು. ನಮ್ಮ ವಂಶವೇ ಹಾಗೆ. "ಕೆಮ್ಮಿ ಶುರು ಮಾಡುವವರು" ಇತ್ತು. "ಫೋನ್ ಇಡತೇನಿ ಅಂದು ಇಡದವರು" ಇತ್ತು. ಅದರಲ್ಲಿ ನನ್ನ ಹೆಂಡತಿ. ನಾನು "ಅರ್ಧ ಮಾತು ನುಂಗುವವರು" ಫೋಲ್ಡರಿನಲ್ಲಿದ್ದೆ. ಹೀಗಾಗಿ ನಮ್ಮ ಮದುವೆಯ ಫೋಟೋವನ್ನು ಎಲ್ಲಿಡುವುದೆಂಬುದೇ ದೊಡ್ಡ ಪೇಚಾಯಿತು. ಕೊನೆಗೆ ಇಬ್ಬರನ್ನೂ ಬೇರೆ ಬೇರೆ ಕತ್ತರಿಸಿ ಇಟ್ಟಳು. ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಅಂಥ ಬೇಸರವನ್ನೇನೂ ತೋರಿಸಲಿಲ್ಲ.

ತಿದ್ದುವ ವಿದ್ಯೆಗೆ ಕೈ ಹಚ್ಚಿದಾಗ ಅನಾಹುತವೇ ಆಯಿತು. ಫ್ಲ್ಯಾಶ್ ಬಿದ್ದು ಕೆಂಪಾದ ಕಣ್ಣನ್ನು ಕಪ್ಪು ಮಾಡುವ ಒಂದು ಗುಂಡಿ ಇದೆಯಲ್ಲ, ಅತ್ತೆಗೆ ಅದು ಬಹಳ ಹಿಡಿಸಿತು. ಎಲ್ಲಿ ಕೆಂಪು ಕಂಡರೂ ಅದನ್ನು ಒತ್ತಿದಳು. ಒಂದು ಸೀಮಂತದ ಫೋಟೋದಲ್ಲಿ ಮುತ್ತೈದೆಯರ ಹಣೆಯ ಕುಂಕುಮವೆಲ್ಲ ಇದ್ದಿಲಿನಂತಾಯಿತು! ಅದನ್ನೇ ಪ್ರಿಂಟು ಹಾಕಿಸಿ ಪ್ರೀತಿಯಿಂದ ಎಲ್ಲರಿಗೂ ಕಳಿಸಿದಳು. ಮಹಾಲಿಂಗಪುರದ ಕಾಕಿ ಫೋನು ಮಾಡಿ, ಗಂಡ ಕಣ್ಣ ಮುಂದೆ ಚಹಾ ಕುಡಿಯುತ್ತಿರುವಾಗ ನನ್ನ ಹಣೆಗೆ ಇದೇನು ಗತಿ ತಂದೆ ಎಂದು ಬಹಳ ಹೊತ್ತು ಬೈದಳು. ಅತ್ತೆ ರಿಸೀವರನ್ನು ಕಿವಿಗೊತ್ತಿಕೊಂಡು ನಗುಮುಖದಿಂದ ಕೇಳಿದಳು. ಇಟ್ಟ ಮೇಲೆ, ಅವಳ ದನಿ ಕೇಳಿ ಎಷ್ಟು ವರ್ಷವಾಗಿತ್ತು ಅಂದಳು.

ಇನ್ನೊಂದು ರವಿವಾರ ಮುಳುಗಿದ ಮನೆಯ ಫೋಟೋ ತೆರೆದುಕೊಂಡಿದ್ದಳು. ಬೀದಿಯ ಕಡೆಯ ಗೋಡೆ ಅಜ್ಜನ ಕಾಲದಿಂದಲೂ ಹೊರಕ್ಕೆ ವಾಲಿತ್ತು. ವಾಲಿದ್ದನ್ನು ನೆಟ್ಟಗೆ ಮಾಡುವ ಗುಂಡಿಯೂ ಅದರೊಳಗೆ ಇತ್ತಂತೆ.

"ಗ್ವಾಡಿ ಸೋತಿತ್ತು. ನೆಟ್ಟಗ ಮಾಡೇನಿ ನೋಡು."

ನೀರಿನ ಕೆಳಗೆ ಆ ಗೋಡೆ ಎಂದೋ ಕರಗಿ ಕೆಸರಾಗಿರಬೇಕು. ಛಲೋ ಆಗಿದೆ ಅಂದೆ.

ಕುಂಕುಮದ ಪ್ರಸಂಗದಿಂದ ಹೆಸರು ಕೆಡುವ ಬದಲು, ಟೆಲಿಫೋನ್ ಅಕ್ಕಾರು ಫೋಟೋ ದುರಸ್ತಿ ಮಾಡುತ್ತಾರೆ ಎಂದು ಸುದ್ದಿ ಹಬ್ಬಿತು. ರಬಕವಿಯಿಂದ ಒಬ್ಬ ವಯಸ್ಸಾದ ನೇಕಾರ ಬಂದ. ಹೆಂಡತಿ ತೀರಿಕೊಂಡಿದ್ದಳು. ಅವಳದೆಂದು ಉಳಿದದ್ದು ಯಾರದೋ ಮದುವೆಯಲ್ಲಿ ತೆಗೆದ ಒಂದೇ ಫೋಟೋ. ಅದರಲ್ಲೂ ಫ್ಲ್ಯಾಶಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದಳು. ಗೋಡೆಗೆ ಹಾಕಬೇಕು, ಕಣ್ಣು ತೆರೆಸಿ ಕೊಡಿ ಎಂದು ಕೇಳಿದ. ಮಗಳ ಕಣ್ಣು ತಾಯಿಯ ಕಣ್ಣಿನಂತೆಯೇ ಇವೆ ಎಂದು ಅವಳ ಫೋಟೋವನ್ನೂ ಕೊಟ್ಟು ಹೋದ.

ಅತ್ತೆ ವಾರವೆಲ್ಲ ಅದರ ಮೇಲೆಯೇ ಕೂತಳು. ಮಗಳ ಕಣ್ಣು ತೆಗೆದು ತಾಯಿಗೆ ಹಚ್ಚಿದಳು, ಬಣ್ಣ ಹೊಂದಿಸಿದಳು, ಅಂಚು ಒರೆಸಿದಳು. ಮುದುಕ ಮತ್ತೆ ಬಂದ ದಿನ ನಾನೂ ಅಲ್ಲಿದ್ದೆ. ಅವನು ಪರದೆಯನ್ನು ಹತ್ತಿರದಿಂದ ನೋಡಿದ, ಹಿಂದೆ ಸರಿದು ನೋಡಿದ.

"ಛಲೋ ಆಗೇತ್ರಿ ಅಕ್ಕಾರ," ಅಂದ. "ಖರೆ, ಇಕಿ ನಮ್ಮಾಕಿ ಅಲ್ರಿ."

ನನಗೆ ನಗು ಬಂತು; ಅತ್ತೆಯ ಮುಖ ನೋಡಿ ನುಂಗಿಕೊಂಡೆ. ಅವಳು ತಪ್ಪು ಎಲ್ಲಾಗಿದೆ ಎಂದು ಕೇಳಲಿಲ್ಲ. ನಿಮ್ಮವರು ಹೇಗೆ ಮಾತಾಡುತ್ತಿದ್ದರು ಎಂದು ಕೇಳಿದಳು.

ಮಾತು ಬಹಳ ಕಡಿಮೆ ಎಂದು ಅವನು ಹೇಳಿದ. ಹರೆಯದಲ್ಲಿ ಅವನು ಸೊಲ್ಲಾಪುರದಲ್ಲಿ ಮಗ್ಗ ನಡೆಸುತ್ತಿದ್ದನಂತೆ. ರವಿವಾರ ಅಲ್ಲಿಂದ ರಬಕವಿಯ ಸೀರೆ ಸಾವಕಾರರ ಅಂಗಡಿಗೆ ಟ್ರಂಕ್ ಕಾಲ್ ಹಚ್ಚುತ್ತಿದ್ದನಂತೆ. ಅವಳು ಬಂದು ಫೋನು ಹಿಡಿದು ನಿಲ್ಲುತ್ತಿದ್ದಳು, ಅಷ್ಟೇ. ಇವನೇ ಮಾತಾಡಬೇಕು, ಅವಳು ಕೇಳಬೇಕು.

ಅತ್ತೆಯ ಕೈ ಮೌಸಿನಿಂದ ಸರಿಯಿತು. ಕುಬಸದ ಬಟ್ಟೆಯ ಅಂಗಡಿಯ ಪಕ್ಕದ ಸಾವಕಾರರೇ ಎಂದು ಕೇಳಿದಳು. ಅವನು ಹೌದೆಂದ. ಅವಳು ಕಣ್ಣು ಮುಚ್ಚಿದಳು. ಆಮೇಲೆ ನಾನು ಎಂದೂ ಕೇಳಿರದ ಒಂದು ದನಿಯಲ್ಲಿ, ಸಣ್ಣಗೆ ಅಂದಳು:

"ಲೈನ್ ಕಟ್ ಆಗಿಲ್ರಿ ಅಕ್ಕಾರ. ಇದ್ದೇನ್ರಿ ನಾ."

ಮುದುಕ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಇನ್ನೊಮ್ಮಿ ಅನ್ರಿ."

ಅತ್ತೆ ಇನ್ನೊಮ್ಮೆ ಅಂದಳು. ಅವನು ಹೆಂಡತಿ ಕಣ್ಣು ಮುಚ್ಚಿದ್ದ ಹಳೆಯ ಫೋಟೋವನ್ನೇ ಎತ್ತಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡ. ಇದೇ ಇರಲಿ ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದ.

ಕಂಪ್ಯೂಟರ್ ಆರಿಸುತ್ತಿದ್ದ ಅತ್ತೆಯನ್ನು, ಲೈನ್ ಕಟ್ ಆಯಿತೇ ಎಂಬ ನಿನ್ನ ಪ್ರಶ್ನೆಗೆ ಆಕೆ ಎಂದೋ ಕೊಟ್ಟ ಉತ್ತರವನ್ನು ಇಷ್ಟು ವರ್ಷ ಹೇಗೆ ನೆನಪಿಟ್ಟೆ ಎಂದು ಕೇಳಿದೆ. ಅವಳು ಪರದೆ ಕಪ್ಪಾಗುವವರೆಗೆ ಕಾದಳು.

"ನನ್ನ ಹೆಸರ ಹೇಳಿ ಯಾರೂ ಫೋನ್ ಹಚ್ಚತಿದ್ದಿಲ್ಲಲ್ಲೋ ತಮ್ಮಾ. ಮಂದಿ ಮಾತಿನ ನಡುವ ಕುಂತು, ನಾನೂ ಅವರ ಮನ್ಯಾಕಿ ಅಂತ ತಿಳಕೊಂಡಿದ್ದೆ."

ಮುಧೋಳದ ಬಸ್ಸಿನ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಂಡಿದ್ದವನು ಬಿಚ್ಚಿಟ್ಟು ಅಡುಗೆಮನೆಗೆ ಹೋದೆ. ಇವತ್ತು ಇಲ್ಲೇ ಇರುತ್ತೇನೆ ಅಂದೆ. ಅವಳು ಡಬ್ಬಿಯಿಂದ ಇನ್ನೊಂದಿಷ್ಟು ಜೋಳದ ಹಿಟ್ಟು ತೆಗೆದಳು. ರೊಟ್ಟಿ ಬಡಿಯುತ್ತ ಬಡಿಯುತ್ತ, ಯಾರು ಯಾರಿಗೆ ಏನು ಹೇಳುತ್ತಿದ್ದರೆಂಬುದನ್ನೆಲ್ಲ ಬಿಟ್ಟು, ತಾನು ಏನು ಹೇಳಬೇಕೆಂದಿದ್ದಳು ಎಂಬುದನ್ನು ಹೇಳತೊಡಗಿದಳು. ನಡುವೆ ಒಮ್ಮೆ ಕೈ ನಿಲ್ಲಿಸಿ, ಬ್ಯಾಸರ ಆತೇನು ಎಂದು ಕೇಳಿದಳು.

"ಇಲ್ಲ ಅತ್ತಿ," ಅಂದೆ. "ಹೇಳು."