ಸಾಹೇಬನ ಬಂಬ, ನನ್ನ ಕಿವಿ

ಮಂದಿ ಮನ್ಯಾಗ ಬೆಂಕಿ ಬಿದ್ದ ಮ್ಯಾಲ ಆರಿಸ್ತಾರ. ನಮ್ಮ ಮನ್ಯಾಗ ಬೀಳೋಕಿಂತ ಮೊದಲ ಆರಿರ್ತದ. ದಿನಾ ಒಂದಿಲ್ಲೊಂದು ಇದ್ದದ್ದ. ಅದಕ್ಕೆಲ್ಲಾ ಕಾರಣ ನನ್ನ ತಮ್ಮ. ಇನ್ನೂ ಮೂರನೇತ್ತ ಕಲೀತಾನ, ಆದ್ರ ಮರಾಠಿ ಸೀಮ್ಯಾಗಿರೋ ಕಾತ್ರಜದ ನಮ್ಮ ಗಲ್ಲ್ಯಾಗ ಅವನಿಗೆ ಎಲ್ಲಾರೂ ‘ಸಾಹೇಬ’ ಅಂತಾರ. ಅಗ್ನಿಶಾಮಕ ದಳದವರು ಅವನನ್ನ ಇನ್ನೂ ಕೆಲಸಕ್ಕ ತಗೊಂಡಿಲ್ಲ ಅನ್ನೋದೊಂದು ಬಿಟ್ರ ಅವ ಪೂರಾ ಅಗ್ನಿಶಾಮಕ ಅಧಿಕಾರಿ.

ಅವನಿಗೆ ಆಟಿಸಂ ಅದ ಅಂತ ಡಾಕ್ಟರ್ ಹೇಳಿದ್ರು. ಹಂಗಂದ್ರೇನ್ರಿ ಅಂತ ಅಪ್ಪ ಕೇಳಿದ. "ಒಂದು ವಿಷಯ ಹಿಡಿದ್ರ ಬಿಡೂದಿಲ್ಲ. ಗದ್ದಲ ತಾಳೂದಿಲ್ಲ. ನೀವು ಹೇಳಿದ್ದನ್ನ ಹೇಳಿದಂಗ ತಿಳ್ಕೋತಾನ. ಸುಳ್ಳು ಹೇಳಾಕ ಅವನಿಗೆ ಬರೂದಿಲ್ಲ."

ಅಪ್ಪ ಗ್ವಾಡಿಗೆ ಗಿಲಾವ ಮಾಡೋ ಮನಷ್ಯಾ, ಎಲ್ಲಾದನ್ನೂ ಸಾವಕಾಶ ವಿಚಾರ ಮಾಡ್ತಾನ. ನನ್ನನ್ನ ಮ್ಯಾಲಿಂದ ಕೆಳಗ ನೋಡಿ ಡಾಕ್ಟರ್‌ಗೆ ಅಂದ, "ಇದನ್ನ ಸ್ವಲ್ಪ ದೊಡ್ಡಾವಗೂ ಹಚ್ಚಾಕ ಬರ್ತದೇನ್ರಿ?"

ದೊಡ್ಡಾವ ಅಂದ್ರ ನಾನು. ಒಂಬತ್ತನೇತ್ತ ಅರ್ಧಾ ಕಲಿತೀನಿ. ಇನ್ನರ್ಧಾ ಉಳಿದದ್ದು ನನ್ನ ಬಾಯಿಂದ. ಬಂಬ ಅಂದ್ರ ಬೆಂಕಿ ಆರಿಸೋ ಗಾಡಿ, ಅದರ ಸೈರನ್ ನಾ ಬಾಯಿಲೇ ಥೇಟ್ ಹೊಡೀತೀನಿ. ಪರೀಕ್ಷಾ ದಿನ ಒಮ್ಮೆ ಹೊಡೆದೆ, ಇಡೀ ಸಾಲಿ ಮೈದಾನಕ್ಕ ಓಡಿ ಬಂತು. ಹೆಡ್‌ಮಾಸ್ತರು ನನ್ನ ಬಲಗಿವಿ ಹಿಂಡಿ ಗೇಟಿನ ಹೊರಗ ಬಿಟ್ಟು ಬಂದ್ರು. ಈಗ ಹೈವೇ ಬಾಜೂಕ ಚಹಾದ ಟಪರ್ಯಾಗ ಗ್ಲಾಸ್ ತೊಳೀತೀನಿ.

೧. ಕೇಕಿಗೆ ಬಿದ್ದ ಬೆಂಕಿ

ಮನಿ ಮಾಲಕರ ಮೊಮ್ಮಗನ ಬರ್ತ್‌ಡೇ ಇತ್ತು. ಕೇಕಿನ ಮ್ಯಾಲ ಮೇಣಬತ್ತಿ ಹಚ್ಚಿ ಲೈಟ್ ಆರಿಸಿದ್ರು. ಎಲ್ಲಾರೂ ಚಪ್ಪಾಳಿ ಬಡಿಯೂವಾಗ ಸಾಹೇಬ ಎದ್ದು ಹೊರಗ ಹೋದ. ಗದ್ದಲ ತಾಳದ ಹೋಗಿರಬೇಕು ಅಂತ ಅವ್ವ ತಿಳಕೊಂಡ್ಲು.

ಅವ ಬರೂವಾಗ ಕೈಯಾಗ ನೀರಾಗ ತೊಯ್ಸಿದ ಗೋಣಿಚೀಲ ಇತ್ತು. ಸೀದಾ ಬಂದು ಕೇಕಿನ ಮ್ಯಾಲ ಹೊಚ್ಚಿದ. ನಾಕೂ ಮೂಲಿ ಒತ್ತಿದ. ಆಮ್ಯಾಲ ಟಿವಿ ಸುದ್ದಿಯವರ ದನಿಯಾಗ ಮರಾಠಿಲೇ ಹೇಳಿದ, "ಆಗ್ ವಿಝಲೀ. ಜೀವಿತಹಾನಿ ನಾಹಿ." ಬೆಂಕಿ ಆರ್ಯದ, ಯಾರ ಜೀವಕ್ಕೂ ಹಾನಿ ಇಲ್ಲ ಅಂತ. ಏನು ಆರಿಸಿದ್ರೂ ಕಡೀಕ ಇದನ್ನ ಹೇಳದ ಅವ ಜಾಗಾ ಬಿಡಂಗಿಲ್ಲ. ಗಾಯ ಆದವರು ಇದ್ರ ಟಿವಿಯವರು ಎಷ್ಟು ‘ಜಖಮೀ’ ಅಂತನೂ ಹೇಳ್ತಾರ, ಅದು ಅವನಿಗೆ ಇನ್ನೂ ಬೇಕಾಗಿಲ್ಲ.

ಮಾಲಕರ ಹೆಂಡ್ತಿ ಚೀಲ ಎತ್ತಿದ್ರು. ಕೇಕಿನ ಮ್ಯಾಲಿದ್ದ ಹುಡುಗನ ಹೆಸರು ಚೀಲಕ್ಕ ಹತ್ತಿತ್ತು, ಚೀಲದಾಗಿದ್ದ ಉಳ್ಳಾಗಡ್ಡಿ ಸಿಪ್ಪಿ ಕೇಕಿಗೆ ಹತ್ತಿತ್ತು. ಹುಡುಗ ಅಳಾಕ ಬಾಯಿ ತೆರೆದ. ಸಾಹೇಬ ಅವನ ಬೆನ್ನು ತಟ್ಟಿ ಸಮಾಧಾನ ಮಾಡಿದ, "ಅಳಬ್ಯಾಡ. ನೀ ಬದುಕಿದಿ."

೨. ಸುಳ್ಳು ವರ್ದಿ

ಸಾಹೇಬಗ ಜಳಕ ಅಂದ್ರ ಆಗಂಗಿಲ್ಲ. ಅವ್ವ ದಿನಾ ಬೈದು ಬೈದು ಸಾಕಾಗಿದ್ಲು. ಒಂದಿನ ನಾ ಕೆಟ್ಟ ಟಿವಿ ರಿಮೋಟ್ ಬಾಯಿಗೆ ಹಿಡಿದು ಅಂದೆ, "ಹಲೋ, ಕಂಟ್ರೋಲ್ ರೂಮಿಂದ ವರ್ದಿ. ಬಚ್ಚಲಿಗೆ ಹೋಗ್ರಿ, ಮೈಮ್ಯಾಲ ನೀರು ಹೊಡೀರಿ." ವರ್ದಿ ಅಂದ್ರ ಬೆಂಕಿ ಬಿದ್ದದ ಅಂತ ಸ್ಟೇಷನ್ನಿಗೆ ಬರೋ ಸುದ್ದಿ. ಸಾಹೇಬ ಓಡಿ ಹೋಗಿ ಜಳಕ ಮಾಡಿ ಬಂದ. ಅವ್ವ ನನಗ ಎರಡು ರೊಟ್ಟಿ ಹೆಚ್ಚಿಗಿ ಬಡಿಸಿದ್ಲು.

ದಾರಿ ಸಿಕ್ಕ ಮ್ಯಾಲ ನಾ ಬಿಡ್ತೀನೇನು? "ಹಲೋ, ನಳದ ಹತ್ರ ವರ್ದಿ, ಕೊಡಾ ತುಂಬ್ರಿ." ತುಂಬಿದ. "ಹಲೋ, ಟಪರಿ ಹಿಂದ ವರ್ದಿ, ಗ್ಲಾಸ್ ತೊಳೀರಿ." ತೊಳದ. ನಾ ಬೆಂಚಿನ ಮ್ಯಾಲ ಕಾಲು ಚಾಚಿ ಕುಂತೆ.

ಒಂದಿನ ಗ್ಲಾಸ್ ಕೈಯಾಗ ಹಿಡಕೊಂಡ ಬಂದ. "ಅಣ್ಣಾ, ಬೆಂಕಿ ಎಲ್ಲಿ?"

"ಆರಿಹೋಗ್ಯದ."

"ಹೊಗಿ ಎಲ್ಲಿ?"

ಹೊಗಿ ನಾ ಎಲ್ಲಿಂದ ತರ್ಲಿ? "ಸುಳ್ಳು ವರ್ದಿ ಕೊಡೂದು ಗುನ್ಹಾ" ಅಂದ. ಆಮ್ಯಾಲ ಟಪರ್ಯಾಗ ಚಹಾ ಕುಡಿಯೋ ಒಬ್ಬೊಬ್ಬರ ಮುಂದೂ ನಿಂತು, ಬೆರಳು ತೋರಿಸಿ, ಸಾವಕಾಶ ಮರಾಠಿಲೇ ಹೇಳಿಕೋತ ಹೋದ, ಇವ ನಮ್ಮಣ್ಣ, ಸುಳ್ಳು ವರ್ದಿ ಕೊಡ್ತಾನ ಅಂತ. ಕಡೀಕ ಕುಂತಾವ ಟ್ರಾಫಿಕ್ ಹವಾಲ್ದಾರ.

ಹವಾಲ್ದಾರ ಗ್ಲಾಸ್ ಕೆಳಗಿಟ್ಟ. ಸಾಹೇಬನ ಮಾತು ಪೂರಾ ಕೇಳಿ, ನಗಿ ತಡಕೊಂಡು, ಲಾಠಿ ಮೊಣಕಾಲ ಮ್ಯಾಲಿಟ್ಟ. ಆವತ್ತು ಅಷ್ಟೂ ಗ್ಲಾಸ್ ನಾನ ತೊಳದೆ, ಪೋಲೀಸ್ ಬಂದೋಬಸ್ತಿನಾಗ.

೩. ಗುಂಡಿ ಇರೋ ಕಿವಿ

ಸಾಹೇಬಗ ಇದ್ದದ್ದು ಒಂದ ಆಸೆ. ಖರೇ ಬಂಬಿನಾಗ, ಡ್ರೈವರ್ ಬಾಜೂಕ, ಮುಂದಿನ ಸೀಟಿನಾಗ ಕೂಡಬೇಕು. ಆದ್ರ ಸೈರನ್ ಅವನ ಕಿವಿಗೆ ಸೂಜಿ ಚುಚ್ಚಿದಂಗ ಆಗ್ತದ. ಒಮ್ಮೆ ನಮ್ಮ ರಸ್ತಾದಾಗ ಖರೇ ಬಂಬ ಬಂತು. ಅವನನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ನಾ ಓಡಿದೆ. ಹತ್ರ ಬರೂದ್ರಾಗ ಇಳದು, ಕಣ್ಣು ಕಿವಿ ಎರಡೂ ಮುಚ್ಚಿ ಕಬ್ಬಿನ ಹಾಲಿನ ಗಾಡಿ ಕೆಳಗ ಸೇರಿದ. ಬಂಬ ಹೋದ ಮ್ಯಾಲ ಅಳಾಕ ಹತ್ತಿದ. "ಬಂಬ ಬಂತು. ನಾ ನೋಡಲಿಲ್ಲ."

ನನಗ ಎಲ್ಲಾದಕ್ಕೂ ಒಂದು ಚೇಷ್ಟಿ ಹೊಳೀತದ. ಆವತ್ತು ಹೊಳೀಲಿಲ್ಲ.

ಮರುದಿನ ಬಾಯಿಲೇ ಸೈರನ್ ಶುರು ಮಾಡಿದೆ, ಮೊದಲ ಸೊಳ್ಳಿಯಷ್ಟು. ಸಾಹೇಬ ನನ್ನ ಬಲಗಿವಿ ಹಿಡಿದು ರೇಡಿಯೋ ಗುಂಡಿಯಂಗ ಹಿಂದ ತಿರುವಿದ. ನೋವಿಗೆ ನನ್ನ ದನಿ ಇಳೀತು. ಮುಂದ ತಿರುವಿದ, ಏರಿಸಿದೆ. ಅವನ ಮಾರಿ ನೋಡಬೇಕಿತ್ತು. ಕೈಯಾಗ ಗುಂಡಿ ಇದ್ದ ಸೈರನ್ನಿಗೆ ಅವ ಹೆದರಂಗಿಲ್ಲ ಅಂತ ಗೊತ್ತಾತು. ದಿನಾ ಸಂಜೀಕ ಸೊಳ್ಳಿ ಹೋಗಿ ದುಂಬಿ ಆತು, ದುಂಬಿ ಹೋಗಿ ರಿಕ್ಷಾ ಆತು, ರಿಕ್ಷಾ ಹೋಗಿ ಬಂಬಿನ ಹತ್ರ ಬಂತು.

ಲುಕ್ಸಾನ ಒಂದ. ಗುಂಡಿ ಎಲ್ಲದ ಅಂತ ಅವ್ವಗೂ ಗೊತ್ತಾತು. ಈಗ ನಾ ಬರೇ ಮಾತಾಡ್ತಾ ಇದ್ರೂ ಬಂದು ಹಿಂದ ತಿರುವಿ ಹೋಗ್ತಾಳ.

೪. ಖರೇ ಬಂಬ

ಹವಾಲ್ದಾರ ಸಾಹೇಬನ ದೋಸ್ತ ಆಗಿಬಿಟ್ಟಿದ್ದ. ಅವನೇ ಅಗ್ನಿಶಾಮಕ ಸ್ಟೇಷನ್ನಿನ ಅಧಿಕಾರಿಗೆ ಹೇಳಿ, ನಮ್ಮನ್ನೆಲ್ಲಾ ಒಂದು ಐತವಾರ ಕರೆಸಿದ. ಅವ್ವ ಹೊಸಾ ಸೀರಿ ಉಟ್ಟು ಬಂದಿದ್ಲು. ಬಂದಕೂಡ್ಲೆ ತನ್ನ ಅರ್ಧಂಬರ್ಧ ಮರಾಠಿಯಾಗ ಅಧಿಕಾರಿಗೆ ಕೈ ಮುಗದು ಹೇಳಿದ್ಲು, ಗಾಡ್ಯಾಗ ಕೂಡಬೇಕ್ರಿ, ಆವಾಜ್ ಬ್ಯಾಡ್ರಿ.

"ಅಂಗಳದಾಗ ಆವಾಜ್ ಇಲ್ಲದ ಒಂದು ಸುತ್ತು ಹೊಡಿಸ್ತೀವಿ ತಾಯಿ, ಕಾಳಜಿ ಬ್ಯಾಡ" ಅಂದ ಅಧಿಕಾರಿ.

ಸಾಹೇಬ ಮುಂದಿನ ಸೀಟಿಗೆ ಏರಿದ. ಖುಷಿಗೆ ಅವನ ಎರಡೂ ಕೈ ರೆಕ್ಕಿಯಂಗ ಬಡೀತಿದ್ದವು. ಡ್ರೈವರ್ ಗಾಡಿ ಚಾಲೂ ಮಾಡಿದ. ಸಾಹೇಬ ಅವನ ಕೈ ಹಿಡಿದ. "ಸೈರನ್ ಇಲ್ಲದ ಬಂಬ ಹೊರಡಂಗಿಲ್ಲ."

ಡ್ರೈವರ್ ಸೈರನ್ನಿನ ಗುಂಡಿಗೆ ಕೈ ಒಯ್ದ. ಸಾಹೇಬ ಕಿವಿ ಮುಚ್ಚಿದ. ಡ್ರೈವರ್ ಕೈ ತೆಗೆದ. "ಹೊರಡಂಗಿಲ್ಲ" ಅಂದ ಸಾಹೇಬ. ಮತ್ತ ಒಯ್ದ, ಮತ್ತ ಮುಚ್ಚಿದ. ನಿಯಮ ಬಿಟ್ಟು ಹೋಗಾಕ ಅವನಿಗೆ ಆಗವಲ್ದು, ನಿಯಮದಂಗ ಹೋಗಾಕ ಕಿವಿ ಒಪ್ಪವಲ್ದು. ಕೈ ಬಡಿಯೂದು ನಿಂತಿತ್ತು.

ಡ್ರೈವರ್ ಅಧಿಕಾರಿ ಮಾರಿ ನೋಡಿದ. ಅಧಿಕಾರಿ ಅವ್ವನ ಮಾರಿ ನೋಡಿದ. ಅವ್ವ ನನ್ನ ಕಡೆ ತಿರುಗಿ, ಜೀವನದಾಗ ಮೊದಲನೇ ಸಲ ಅಂದ್ಲು, "ಹೊಡಿಯೋ ಬಾಡ್ಯಾ."

ಹಾರಿ ನಡುವ ಕುಂತೆ. ಸಾಹೇಬ ನನ್ನ ಬಲಗಿವಿ ಹಿಡಿದು ಮುಂದ ತಿರುವಿದ. ನಾ ಹೊಡೆದೆ. ಬಂಬ ಹೊಂಟಿತು. ಸಾಹೇಬ ಕಣ್ಣು ಮುಚ್ಚಲಿಲ್ಲ. ಗಾಜು, ಸ್ಟೇರಿಂಗ್, ಪೈಪು, ಮುಂದ ಓಡೋ ಅಂಗಳ, ಎಲ್ಲಾ ನುಂಗೂಹಂಗ ನೋಡಿದ. ಇನ್ನೂ ತಿರುವಿದ. ಇನ್ನೂ ಏರಿಸಿದೆ. ಆವತ್ತು ಹೊಡದಂಗ ನಾ ಪರೀಕ್ಷಾದಾಗೂ ಹೊಡೆದಿದ್ದಿಲ್ಲ.

ಮ್ಯಾಲಿನ ಖೋಲ್ಯಾಗ ಊಟಕ್ಕ ಕುಂತಿದ್ದ ಬೆಂಕಿ ಆರಿಸೋ ಜವಾನರಿಗೆ ಆವಾಜ್ ಕೇಳ್ತು. ಬಂಬ ತಮ್ಮನ್ನ ಬಿಟ್ಟು ಹೊಂಟದ ಅಂತ ತಿಳಕೊಂಡು ಧಡಧಡ ಇಳದು ಬಂದ್ರು. ಒಬ್ಬನ ಕಾಲಾಗ ಒಂದ ಬೂಟು, ಒಬ್ಬನ ಗಲ್ಲಕ್ಕ ದಾಡಿ ಸಾಬೂನು, ಒಬ್ಬನ ಕೈಯಾಗ ಜ್ವಾಳದ ಭಾಕ್ರಿ. "ನಮ್ಮನ್ನ ಬಿಟ್ಟು ಎಲ್ಲಿಗಪ್ಪಾ?" ಅಂತ ಬಂಬಿನ ಹಿಂದ ಓಡಾಕ ಹತ್ತಿದ್ರು. ಡ್ರೈವರ್ ಬ್ರೇಕ್ ಒತ್ತಿದ.

ಮುಗೀತು, ಇನ್ನ ಗೇಟ್ ಅಂದುಕೊಂಡೆ. ಅಧಿಕಾರಿ ಬಾಗಿಲಾ ತೆಗೆದು ಸೀದಾ ನನ್ನ ಕಿವಿಗೆ ಕೈ ಹಾಕಾಕ ಬಂದ. ಸಾಹೇಬ ಅವನ ಕೈ ಸರಿಸಿದ. "ಮುಟ್ಟಬಾರ್ದು. ಇದು ಸೈರನ್ನಿನ ಗುಂಡಿ. ಡ್ಯೂಟಿ ಮ್ಯಾಲಿದ್ದಾವ ಮುಟ್ಟಬೇಕು." ಆಮ್ಯಾಲ ಅವನ ತಲಿ ನೋಡಿ, ಹೆಲ್ಮೆಟ್ ಎಲ್ಲಿ ಅಂತ ಮರಾಠಿಲೇ ಕೇಳಿದ, "ಹೆಲ್ಮೆಟ್ ಕುಠೆ ಆಹೇ?"

ಅಧಿಕಾರಿ ತಲಿ ಮುಟ್ಟಿ ನೋಡಿಕೊಂಡ. ಹೆಲ್ಮೆಟ್ ಇರಲಿಲ್ಲ. ಹಿಂದ ನಿಂತವರದೂ ಇರಲಿಲ್ಲ. ಭಾಕ್ರಿಯವ ಗಾಬರಿಯಾಗಿ ಭಾಕ್ರೀನ ತಲಿಮ್ಯಾಲ ಇಟ್ಟುಕೊಂಡ. ಅಧಿಕಾರಿ ಮೊದಲು ಮಾಡಿ ಎಲ್ಲಾರೂ ಒಳಗ ಓಡಿಹೋಗಿ ಹೆಲ್ಮೆಟ್ ಹಾಕ್ಕೊಂಡ ಬಂದು ಬಂಬ ಹತ್ತಿದ್ರು. ಸಾಹೇಬ ಗುಂಡಿ ತಿರುವಿದ. ಅಂಗಳದಾಗ ಇನ್ನೊಂದು ಸುತ್ತು, ಮತ್ತೊಂದು ಸುತ್ತು.

ಇಳಿಯೂವಾಗ ಎಲ್ಲಾರೂ ಅವನಿಗೆ ಸಲಾಮ್ ಹೊಡೆದ್ರು. ಸಾಹೇಬ ನೆಟ್ಟಗ ನಿಂತು ಘೋಷಣಾ ಮಾಡಿದ, "ಆಗ್ ವಿಝಲೀ. ಜೀವಿತಹಾನಿ ನಾಹಿ."

ಆಮ್ಯಾಲ ಕೆಂಪಗ ಬಾತು ಬದನೀಕಾಯಿ ಆಗಿದ್ದ ನನ್ನ ಕಿವಿ ನೋಡಿದ. ಸುಳ್ಳು ಹೇಳಾಕ ಅವನಿಗೆ ಬರೂದಿಲ್ಲಲ್ಲ. ಸುದ್ದಿ ತಿದ್ದಿದ.

"ಏಕ್ ಜಖಮೀ."